ಬೈ-ಟು-ಲೆಟ್

ಬೈ-ಟು-ಲೆಟ್ ಎಂಬುದು ಸ್ವಂತ ವಾಸಕ್ಕಲ್ಲದೆ ಬಾಡಿಗೆಗೆ ಕೊಡುವ ಉದ್ದೇಶದಿಂದಲೇ ಮನೆ ಕೊಳ್ಳುವ ಪದ್ಧತಿಗೆ ಬ್ರಿಟನ್ನಿನಲ್ಲಿ ಬಳಕೆಯಲ್ಲಿರುವ ಹೆಸರು. ಖಾಸಗಿ ಮಾಲೀಕರು, ಬಾಡಿಗೆದಾರರು ಹಾಗೂ ಮೊದಲ ಮನೆ ಕೊಳ್ಳಬಯಸುವವರ ಹಿತಾಸಕ್ತಿಗಳು ಇಲ್ಲಿ ಪರಸ್ಪರ ಘರ್ಷಿಸುತ್ತವೆ.

ಹಿನ್ನೆಲೆ

1988ರ ವಸತಿ ಕಾಯಿದೆಯು ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಹೊಸ ಬಾಡಿಗೆಗಳನ್ನು ಮಾರುಕಟ್ಟೆ ದರಕ್ಕೆ ಬಿಟ್ಟಿತು. ಅದರ 21ನೆಯ ಕಲಮಿನನ್ವಯ, ಕರಾರಿನ ಅವಧಿ ಮುಗಿದಾಗ ಎರಡು ತಿಂಗಳ ನೋಟಿಸು ನೀಡಿ, ಕಾರಣ ಹೇಳದೆಯೇ ಮನೆ ತೆರವು ಕೇಳಬಹುದಾಗಿತ್ತು. ಬೈ-ಟು-ಲೆಟ್ ಹೆಸರಿನ ವಿಶೇಷ ಸಾಲಗಳು 1996ರಲ್ಲಿ ಆರಂಭವಾದವು.

ಘರ್ಷಣೆಯ ಸ್ವರೂಪ

ಈ ಸಾಲದ ಮೊತ್ತವು ಮುಖ್ಯವಾಗಿ ನಿರೀಕ್ಷಿತ ಬಾಡಿಗೆಯನ್ನು ಅವಲಂಬಿಸುತ್ತದೆ. ಹಲವರು ಪ್ರತಿ ತಿಂಗಳು ಬಡ್ಡಿಯನ್ನಷ್ಟೇ ಕಟ್ಟುತ್ತಾರೆ. ವಾಸಕ್ಕಾಗಿ ಕೊಳ್ಳುವವರ ಸಾಲಕ್ಕಾದರೋ ಅವರ ಆದಾಯವೇ ಮಿತಿ. ಹೀಗಾಗಿ ಒಂದೇ ಮನೆಗೆ ಇಬ್ಬರೂ ಪೈಪೋಟಿ ನಡೆಸುವಾಗ ಬಾಡಿಗೆದಾರನು ತೆರುವ ಹಣ ಹೂಡಿಕೆದಾರನ ಸಾಲ ತೀರಿಸುತ್ತದೆ. ಆತನ ಮುಂಗಡದ ಉಳಿತಾಯ ಮಾತ್ರ ಬೆಳೆಯುವುದಿಲ್ಲ.

ಸರ್ಕಾರದ ಕ್ರಮಗಳು

2016ರ ಏಪ್ರಿಲ್‌ನಲ್ಲಿ ಹೆಚ್ಚುವರಿ ಮನೆಗಳ ಖರೀದಿಯ ಮೇಲೆ ಶೇ. 3ರಷ್ಟು ಅಧಿಕ ಮುದ್ರಾಂಕ ಶುಲ್ಕ ವಿಧಿಸಲಾಯಿತು. ಇಂಗ್ಲೆಂಡಿನಲ್ಲಿ ಇದು 2024ರ ಅಕ್ಟೋಬರ್‌ನಲ್ಲಿ ಶೇ. 5ಕ್ಕೆ ಏರಿತು. 2017ರಿಂದ 2020ರ ಅವಧಿಯಲ್ಲಿ ಸಾಲದ ಬಡ್ಡಿಯ ಮೇಲಿನ ತೆರಿಗೆ ರಿಯಾಯಿತಿಯನ್ನು ಹಂತಹಂತವಾಗಿ ಶೇ. 20ಕ್ಕೆ ಮಿತಿಗೊಳಿಸಲಾಯಿತು. ಮಾಲೀಕರು ಮನೆ ಮಾರಿದರೆ ಹೊಸ ಖರೀದಿದಾರರಿಗೆ ಅನುಕೂಲ. ಆದರೆ ಅದರಲ್ಲಿರುವ ಬಾಡಿಗೆದಾರರು ನೆಲೆ ಕಳೆದುಕೊಳ್ಳಬಹುದು. ಇಂಗ್ಲೆಂಡಿಗೆ ಅನ್ವಯಿಸುವ 2025ರ ಬಾಡಿಗೆದಾರರ ಹಕ್ಕುಗಳ ಕಾಯಿದೆಯು 21ನೆಯ ಕಲಮಿನ ತೆರವನ್ನು ರದ್ದುಗೊಳಿಸಿತಾದರೂ, ಮಾರಾಟಕ್ಕಾಗಿ ನಾಲ್ಕು ತಿಂಗಳ ನೋಟಿಸು ನೀಡಿ ಮನೆ ಹಿಂಪಡೆಯುವ ಅವಕಾಶವನ್ನು ಉಳಿಸಿಕೊಂಡಿದೆ.