ಕಂಪ್ಯೂಟರ್ ಇತಿಹಾಸ, ಭಾಗ 7: ಕೋಡ್‌ಗಿಂತ ಮೊದಲೇ ಬಂದ ಕೈಪಿಡಿ
ಬಿಕಾಂನವ್ರಿಗೆ ಇದೆಲ್ಲಾ ಯಾಕೆ ಅನ್ಬೇಡಿ ಕಣ್ರಪ್ಪ, ಇದೂ ಲೆಕ್ಕಪತ್ರದ ಕಥೆನೇ.

ಫೈಲನ್ನ ತುಣುಕು ತುಣುಕಾಗಿ ಓದೋ ಬದಲು ಪ್ರೋಗ್ರಾಮಿನ ಮೆಮೊರಿ ವಿಳಾಸಗಳಿಗೇ ಜೋಡಿಸೋ ವಿಧಾನಕ್ಕೆ ‘ಎಂಮ್ಯಾಪ್’ ಅಂತಾರೆ. 1983ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಿಂದ 4.2 ಬಿಎಸ್‌ಡಿ ಯೂನಿಕ್ಸ್ ಬಂತು. ದಾಖಲೆಯಲ್ಲಿ ಎಂಮ್ಯಾಪ್ ವಿವರಣೆ ಇತ್ತು, ಕೋಡ್ ಇರ್ಲಿಲ್ಲ! ಸನ್ ಕಂಪನಿ ಅದನ್ನ ಪೂರ್ತಿಯಾಗಿ ಮಾಡಿ ತೋರಿಸಿದ್ದು 1988ರಲ್ಲಿ, ಸನ್‌ಓಎಸ್ 4.0ದಲ್ಲಿ.

ಇದರ ಆಯ್ಕೆಗಳಲ್ಲಿ ನಂಗೆ ಭಯ ಹುಟ್ಟಿಸಿದ್ದು ‘ಮ್ಯಾಪ್ ಫಿಕ್ಸೆಡ್’. ‘ಇದೇ ವಿಳಾಸ ಬೇಕು’ ಅಂದ್ರೆ ಅಲ್ಲಿ ಮೊದಲೇ ಇದ್ದದ್ದನ್ನ ಸದ್ದಿಲ್ಲದೆ ತೆಗೆದುಹಾಕುತ್ತೆ. ನಮ್ಮ ದೇವರಾಯಸಮುದ್ರದಲ್ಲಿ ನಿಮ್ಮ ಹೊಲದ ಪಹಣಿ ರಾತ್ರೋರಾತ್ರಿ ಬೇರೆಯವ್ರ ಹೆಸರಿಗಾದ್ರೆ ಹೇಗಿರುತ್ತೆ? ಹಂಗೆ.

2018ರಲ್ಲಿ ಲಿನಕ್ಸ್ 4.17ಕ್ಕೆ ‘ಫಿಕ್ಸೆಡ್ ನೋರಿಪ್ಲೇಸ್’ ಸೇರಿಸಿದ್ರು. ಜಾಗ ಖಾಲಿ ಇಲ್ದಿದ್ರೆ ಎರರ್ ಕೊಡುತ್ತೆ. ಆದ್ರೆ ಹಳೇ ಕರ್ನಲ್‌ಗೆ ಈ ಆಯ್ಕೆನೇ ಗೊತ್ತಿಲ್ಲ. ಎರರೂ ಕೊಡದೆ ಬೇರೆ ವಿಳಾಸ ಕೊಟ್ಟುಬಿಡಬಹುದು. ಅದಕ್ಕೇ ‘ಸಿಕ್ಕ ವಿಳಾಸ ಕೇಳಿದ್ದೇನಾ, ನೋಡ್ಕೊಳ್ಳಿ’ ಅಂತ ಕೈಪಿಡಿಯಲ್ಲೇ ಎಚ್ಚರಿಸಿದ್ದಾರೆ. ಈ ಸಾಲು ಓದದೆ ಕೋಡ್ ಬರೆದವ್ರಿಗೆ ತಪ್ಪು ಎಲ್ಲಿ ಅಂತ ಹುಡುಕೋದೇ ಕಷ್ಟ.

ಆಂಡ್ರಾಯ್ಡ್ ಒಳಗಿರೋದೂ ಲಿನಕ್ಸೇ. ಸೆಟ್ಟಿಂಗ್ಸಲ್ಲಿ ಕರ್ನಲ್ ವರ್ಷನ್ ನೋಡಿ, ಎಷ್ಟಿದೆ ಅಂತ ಕಾಮೆಂಟ್ ಹಾಕಿ.