ಗುಮ್ಮನಿಗೆ ಮುಖ ಬಂದಾಗ

ಹೊಸಕೋಟೆ ತಾಲ್ಲೂಕಿನ ಸಮೇತನಹಳ್ಳಿಯ ಸುತ್ತಮುತ್ತ ರಾಗಿ ಹೊಲಗಳಿದ್ದ ಜಾಗದಲ್ಲಿ ಈಗ ಬಡಾವಣೆಗಳು ಎದ್ದಿವೆ. ವೈಟ್‌ಫೀಲ್ಡಿನಿಂದ ಹೊಸಕೋಟೆಗೆ ಹೋಗುವ ಈ ದಾರಿಯಲ್ಲಿ ಕಟ್ಟುತ್ತಿರುವ ಮನೆಗಳ ಮೇಲೆ ಕಣ್ಣು ಹಾಯಿಸಿದರೆ ಒಂದು ಮುಖ ಮತ್ತೆ ಮತ್ತೆ ಎದುರಾಗುತ್ತದೆ: ಉಬ್ಬಿದ ಕಣ್ಣು, ಕೋರೆಹಲ್ಲು, ಹೊರಚಾಚಿದ ಕೆಂಪು ನಾಲಿಗೆ, ದಪ್ಪ ಮೀಸೆ. ದೃಷ್ಟಿಬೊಂಬೆ. ಹೊಲವಿದ್ದಾಗ ಅದೇ ನೆಲದಲ್ಲಿ ಬೆರ್ಚಪ್ಪ ನಿಂತಿರುತ್ತಿದ್ದ. ಹಳೆಯ ಮಡಕೆಗೆ ಸುಣ್ಣದಲ್ಲಿ ಕಣ್ಣು ಮೂಗು ಬರೆದು, ಹರಕು ಅಂಗಿ ತೊಡಿಸಿದರೆ ಅವನು ಸಿದ್ಧ. ಬೆಳೆ ಹೋಗಿ ಕಟ್ಟಡ ಬಂದರೂ ಕಾವಲಿಗೆ ಒಂದು ವಿಕಾರದ ಮುಖ ಬೇಕು ಎಂಬ ನಂಬಿಕೆ ಮಾತ್ರ ಜಾಗ ಬಿಟ್ಟು ಕದಲಿಲ್ಲ. ದೇವಸ್ಥಾನದ ಬಾಗಿಲ ಮೇಲಿನ ಕೀರ್ತಿಮುಖವೂ ಇದೇ ವಂಶದ್ದು.

ಹೆದರಿಸುವ ಮುಖ ಮನೆಯ ಹೊರಗಿದ್ದರೆ ಕಾವಲುಗಾರ. ಮನೆಯ ಒಳಗೆ ಅದರ ಹೆಸರು ಗುಮ್ಮ. ಊಟ ಮಾಡದ, ಮಲಗದ, ಕತ್ತಲಲ್ಲಿ ಹೊರಗೆ ಓಡುವ ಮಗುವಿಗೆ ತಾಯಂದಿರು ತೋರಿಸುತ್ತ ಬಂದ ಭಯ ಅವನು. ಕೆಲವು ಮನೆಗಳಲ್ಲಿ ಅವನೇ ಗೊಗ್ಗಯ್ಯ. ತೆಲುಗು ಬೆರೆತ ಕೋಲಾರ, ಹೊಸಕೋಟೆಯ ಕಡೆ ಬೂಚಿ. ಪುರಂದರದಾಸರ ಪ್ರಸಿದ್ಧ ಕೀರ್ತನೆಯೊಂದರಲ್ಲಿ ಲೋಕವನ್ನೇ ಹೊಟ್ಟೆಯಲ್ಲಿಟ್ಟುಕೊಂಡ ಬಾಲಕೃಷ್ಣನೂ ಗುಮ್ಮನಿಗೆ ಹೆದರಿ ತಾಯಿಯನ್ನು ಬೇಡಿಕೊಳ್ಳುತ್ತಾನೆ. ಎಂದರೆ ಹದಿನಾರನೆಯ ಶತಮಾನದ ಹೊತ್ತಿಗೇ ಗುಮ್ಮ ಕನ್ನಡದ ಮನೆಗಳಲ್ಲಿ ನೆಲೆಯೂರಿದ್ದ. ಅವನು ಹೇಗಿದ್ದಾನೆಂದು ಯಾರೂ ಹೇಳುವುದಿಲ್ಲ. ಅವನ ಶಕ್ತಿಯೇ ಅದು. ರೂಪವಿಲ್ಲದವನಿಗೆ ಪ್ರತಿ ಮಗುವೂ ತನಗೆ ಅತಿ ಭಯವಾದ ರೂಪವನ್ನು ಕೊಟ್ಟುಕೊಳ್ಳುತ್ತದೆ.

ಗುಮ್ಮನ ಹತ್ತಿರದ ನೆಂಟನೊಬ್ಬ ಸ್ಪೇನ್ ಮತ್ತು ಪೋರ್ಚುಗಲ್‌ನಲ್ಲಿದ್ದಾನೆ. ಅವನ ಹೆಸರು ಕೊಕೊ. ನಿದ್ದೆ ಮಾಡದ ಮಗುವನ್ನು ಹಿಡಿದುಕೊಂಡು ಹೋಗುವುದು ಅವನ ಕಸುಬು. ಸ್ಪೇನಿನವರ ಹಡಗುಗಳ ಜೊತೆ ಸಾಗರ ದಾಟಿ ಮೆಕ್ಸಿಕೊದಲ್ಲಿ ಕುಕುಯ್ ಆದ. ಪೋರ್ಚುಗೀಸರೊಡನೆ ಬ್ರೆಜಿಲ್‌ಗೆ ಹೋದವಳು ಕೂಕಾ ಎಂಬ ಮುದುಕಿಯಾದಳು. ಸ್ಪೇನಿನ ಚಿತ್ರಕಾರ ಗೋಯಾ 1799ರಲ್ಲಿ ಪ್ರಕಟಿಸಿದ ಚಿತ್ರಮಾಲೆಯ ಒಂದು ಚಿತ್ರಕ್ಕೆ ‘ಕೊಕೊ ಬಂದ’ ಎಂದೇ ಹೆಸರು. ಮುಸುಕು ಹೊದ್ದ ಆಕೃತಿಯೊಂದು ನಿಂತಿದೆ, ಇಬ್ಬರು ಮಕ್ಕಳು ಕಿರುಚುತ್ತ ತಾಯಿಗೆ ಅಂಟಿಕೊಂಡಿದ್ದಾರೆ. ಇಲ್ಲದ್ದಕ್ಕೆ ಹೆದರುವಂತೆ ಮಕ್ಕಳನ್ನು ಬೆಳೆಸುವ ಪದ್ಧತಿಯ ಮೇಲಿನ ಸಿಟ್ಟು ಆ ಚಿತ್ರದಲ್ಲಿದೆ.

ಈ ಕೊಕೊನಿಗೂ ನಮ್ಮ ಕರಾವಳಿಗೂ ಒಂದು ವಿಚಿತ್ರ ಸಂಬಂಧವಿದೆ. ವಾಸ್ಕೊ ಡ ಗಾಮ 1498ರಲ್ಲಿ ಮಲಬಾರಿಗೆ ಬಂದ ಮೇಲೆ ಪೋರ್ಚುಗೀಸ್ ನಾವಿಕರಿಗೆ ತೆಂಗಿನಕಾಯಿಯ ಪರಿಚಯ ಬೆಳೆಯಿತು. ಜುಟ್ಟು ಸುಲಿದ ಕಾಯಿಯ ಮೇಲೆ ಮೂರು ಕಣ್ಣು ಕಂಡವು. ಕಂದು ಬಣ್ಣ, ನಾರಿನ ಕೂದಲು, ಎರಡು ಕಣ್ಣು, ಒಂದು ಬಾಯಿ: ಊರಿನಲ್ಲಿ ತಾಯಂದಿರು ಹೇಳುತ್ತಿದ್ದ ಕೊಕೊ ಇವನೇ ಎಂದುಕೊಂಡರು. ಹೆಂಗಸರು ಮಕ್ಕಳನ್ನು ಹೆದರಿಸಲು ಬಳಸುವ ಹೆಸರೇ ಈ ಕಾಯಿಗೂ ಬಂತೆಂದು ಹದಿನಾರನೆಯ ಶತಮಾನದ ಪೋರ್ಚುಗೀಸ್ ಇತಿಹಾಸಕಾರ ಜೊವಾಂವ್ ದೆ ಬಾರೊಸ್ ಬರೆದಿಟ್ಟಿದ್ದಾನೆ. ಇಂಗ್ಲಿಷಿನ ‘ಕೋಕೊನಟ್’ ಹುಟ್ಟಿದ್ದು ಹೀಗೆ. ಅವರು ಭೂತದ ಮುಖ ಕಂಡ ಕಾಯಿಯಲ್ಲಿ ನಾವು ಮುಕ್ಕಣ್ಣನನ್ನು ಕಂಡೆವು. ಮಗುವಿಗೆ ದೃಷ್ಟಿಯಾದರೆ ಇಳಿತೆಗೆದು ಒಡೆಯುವುದಕ್ಕೂ ಅದೇ ಕಾಯಿ.

ಮನೆಯಿಂದ ಊರಾಚೆಗೆ ಬಂದರೆ ಕೆರೆ. ಹೊಸಕೋಟೆಯ ದೊಡ್ಡ ಕೆರೆ ಸುಗಟೂರಿನ ತಮ್ಮೇಗೌಡ ಹದಿನಾರನೆಯ ಶತಮಾನದ ಕೊನೆಯಲ್ಲಿ ಕಟ್ಟಿಸಿದ್ದು. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಈ ಸೀಮೆಯಲ್ಲಿ ಊರಿಗೊಂದು ಕೆರೆ, ಕೆರೆಯ ಹಿಂದೆ ಗದ್ದೆ, ಗದ್ದೆಯಲ್ಲಿ ರಾತ್ರಿ ಕೊಳ್ಳಿದೆವ್ವ. ದೂರದಲ್ಲಿ ಬೆಂಕಿಯ ಉಂಡೆ ಹೊತ್ತಿ, ಆರಿ, ಇನ್ನೊಂದು ಕಡೆ ಹೊತ್ತುತ್ತದೆ. ಹತ್ತಿರ ಹೋದರೆ ದೂರ ಸರಿಯುತ್ತದೆ, ತಿರುಗಿ ನಡೆದರೆ ಹಿಂದೆ ಬರುತ್ತದೆ ಎನ್ನುವುದು ವಾಡಿಕೆಯ ವರ್ಣನೆ. ಅರ್ಜೆಂಟೀನಾ ಮತ್ತು ಉರುಗ್ವೆಯ ಹುಲ್ಲುಗಾವಲುಗಳಲ್ಲಿ ದನ ಕಾಯುವವರು ಹೇಳುವ ‘ಕೆಟ್ಟ ಬೆಳಕು’ ಹೆಚ್ಚು ಕಡಿಮೆ ಇದೇ. ಅಲ್ಲಿ ಅದು ಹೂಳದೆ ಬಿಟ್ಟ ಎಲುಬುಗಳ ಮೇಲೆ ಉರಿಯುತ್ತದೆ, ಸಂಸ್ಕಾರವಿಲ್ಲದೆ ಸತ್ತವನ ಆತ್ಮ ಎನ್ನುತ್ತಾರೆ. ಜೌಗು ನೆಲದಲ್ಲಿ ಎಲೆ, ಬೇರು ಕೊಳೆತು ಉರಿಯುವ ಅನಿಲ ಹುಟ್ಟುತ್ತದೆಂದು ಇಟಲಿಯ ವೋಲ್ಟಾ 1776ರಲ್ಲೇ ಕಂಡುಕೊಂಡ. ಮೀಥೇನ್ ತಾನಾಗಿ ಹೊತ್ತಿಕೊಳ್ಳುವುದಿಲ್ಲ, ಅದಕ್ಕೆ ಕಿಡಿ ಕೊಡುವುದು ರಂಜಕದ ಅನಿಲವಿರಬೇಕು ಎಂಬ ವಿವರಣೆ ಪುಸ್ತಕಗಳಲ್ಲಿದ್ದರೂ ಅದು ಎಲ್ಲರೂ ಒಪ್ಪಿದ ಮಾತಲ್ಲ. ಇನ್ನೂ ಸರಳವಾದ ಒಂದು ವಿವರಣೆಯನ್ನು ಮರೆಯಬಾರದು. ತೂಬಿನಿಂದ ಗದ್ದೆಗೆ ನೀರು ತಿರುಗಿಸಲು ರಾತ್ರಿ ಲಾಟೀನು ಹಿಡಿದು ಬದುವಿನ ಮೇಲೆ ಓಡಾಡುತ್ತಿದ್ದವನು ಊರಿನ ನೀರುಗಂಟಿ. ಎಷ್ಟು ಕೊಳ್ಳಿದೆವ್ವಗಳು ಅವನೇ ಆಗಿದ್ದವೋ! ಗದ್ದೆ ಹೋಗಿ, ಬೀದಿ ದೀಪ ಬಂದು, ನೀರುಗಂಟಿಯ ಕೆಲಸವೇ ಇಲ್ಲವಾದ ಮೇಲೆ ಕೊಳ್ಳಿದೆವ್ವದ ಸುದ್ದಿಯೂ ನಿಂತಿತು.

ನೀರಿನ ದಡದ ಇನ್ನೊಬ್ಬಳು ಹೆಚ್ಚು ಗಂಭೀರಳು. ಮೆಕ್ಸಿಕೊದಲ್ಲಿ ಆಕೆ ‘ಯೊರೋನಾ’, ಅಳುವವಳು. ಗಂಡ ಕೈಬಿಟ್ಟ ಸಂಕಟದಲ್ಲಿ ತನ್ನ ಮಕ್ಕಳನ್ನು ತಾನೇ ನೀರಿಗೆ ನೂಕಿ, ಅಂದಿನಿಂದ ಅವರನ್ನು ಹುಡುಕುತ್ತ ದಡದಲ್ಲಿ ಅಳುತ್ತಾಳೆ ಎಂಬುದು ಕಥೆ. ಇದರ ಬೇರು ಸ್ಪೇನಿನವರು ಬರುವುದಕ್ಕೂ ಹಿಂದಿನದೆಂದು ಹಲವರ ಊಹೆ. ಅಜ್ಟೆಕರ ರಾಜ್ಯ 1521ರಲ್ಲಿ ಸ್ಪೇನಿನವರ ವಶವಾದ ಕೆಲವು ದಶಕಗಳ ಮೇಲೆ ಸಹಾಗುನ್ ಎಂಬ ಪಾದ್ರಿ ಅಲ್ಲಿನವರ ಬಾಯಿಂದಲೇ ಬರೆಸಿಕೊಂಡ ಬೃಹತ್ ಗ್ರಂಥದಲ್ಲಿ, ರಾಜ್ಯ ಬೀಳುವ ಮೊದಲು ಕಂಡ ಎಂಟು ಅಪಶಕುನಗಳ ಪಟ್ಟಿಯಿದೆ. ಅವುಗಳಲ್ಲೊಂದು, ರಾತ್ರಿ ಹೊತ್ತು ತನ್ನ ಮಕ್ಕಳಿಗಾಗಿ ಗೋಳಿಡುವ ಹೆಂಗಸಿನ ದನಿ. ಅಜ್ಟೆಕರಲ್ಲಿ ಹೆರಿಗೆಯಲ್ಲಿ ಸತ್ತ ಹೆಣ್ಣು ಯುದ್ಧದಲ್ಲಿ ಮಡಿದ ವೀರನಿಗೆ ಸಮ. ಆದರೆ ಅವಳೇ ಕೆಲವು ದಿನಗಳಲ್ಲಿ ಕೂಡುದಾರಿಗಳಿಗೆ ಇಳಿದು ಬಂದು ಮಕ್ಕಳಿಗೆ ಕಾಟ ಕೊಡುತ್ತಾಳೆಂಬ ಭಯವೂ ಇತ್ತು.

ಇದು ನಮಗೆ ಅಪರಿಚಿತವಲ್ಲ. ಬಸುರಿಯಾಗಿ, ಬಾಣಂತಿಯಾಗಿ ಸತ್ತವಳು ದೆವ್ವವಾಗುತ್ತಾಳೆ ಎಂಬ ನಂಬಿಕೆ ದಕ್ಷಿಣ ಭಾರತದ ಉದ್ದಗಲಕ್ಕೂ ಇದೆ. ಪಕ್ಕದ ತಮಿಳು ಸೀಮೆಯಲ್ಲಿ ರಸ್ತೆಬದಿಯ ‘ಸುಮೈತಾಂಗಿ’ ಕಲ್ಲುಗಳನ್ನು, ಎಂದರೆ ತಲೆಹೊರೆ ಇಳಿಸಿ ದಣಿವಾರಿಸಿಕೊಳ್ಳಲು ನಿಲ್ಲಿಸಿದ ಹೊರೆಗಲ್ಲುಗಳನ್ನು, ಹೊಟ್ಟೆಯ ಭಾರ ಇಳಿಸದೆ ಸತ್ತ ಬಸುರಿಯರ ನೆನಪಿಗೆ ನೆಡುವ ರೂಢಿಯಿತ್ತು. ಅವಳ ಹೊರೆಯನ್ನು ದಾರಿಹೋಕರ ಹೊರೆಯ ಮೂಲಕ ಇಳಿಸುವ ಉಪಾಯ. ದೆವ್ವದ ಕಥೆಗಳಲ್ಲಿ ಹೆಣ್ಣೇ ಏಕೆ ಇಷ್ಟು ಹೆಚ್ಚು ಎಂದು ಕೇಳುವವರು, ಸೂಲಗಿತ್ತಿಯ ಕೈಮೀರಿದರೆ ಬೇರೆ ದಿಕ್ಕಿಲ್ಲದ ಕಾಲದಲ್ಲಿ ಎಷ್ಟು ಮನೆಗಳಲ್ಲಿ ಇಂಥ ಸಾವು ಆಗಿತ್ತೆಂಬುದನ್ನು ಮೊದಲು ಯೋಚಿಸಬೇಕು. ಸತ್ತವಳ ಬಗ್ಗೆ ಇದ್ದ ದುಃಖ, ಉಳಿಸಿಕೊಳ್ಳಲಾಗದ ತಪ್ಪಿನ ಅಳುಕು, ಎರಡೂ ಸೇರಿ ಭಯವಾಗಿರಬೇಕು.

1990ರ ದಶಕದಲ್ಲಿ ಬೆಂಗಳೂರು ಮತ್ತು ಸುತ್ತಲ ಊರುಗಳಲ್ಲಿ ಅಡ್ಡಾಡಿದ ದೆವ್ವವೂ ಹೆಣ್ಣೇ. ರಾತ್ರಿ ಬಾಗಿಲು ತಟ್ಟುತ್ತಾಳೆ, ತಾಯಿಯದೋ ಹೆಂಡತಿಯದೋ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತಾಳೆ, ತೆರೆದವನು ಉಳಿಯುವುದಿಲ್ಲ ಎಂಬ ಸುದ್ದಿ ಬೀದಿಯಿಂದ ಬೀದಿಗೆ ಹಬ್ಬಿತು. ಪರಿಹಾರವೂ ಸುದ್ದಿಯ ಜೊತೆಗೇ ಬಂತು: ಬಾಗಿಲ ಮೇಲೆ, ಗೋಡೆಯ ಮೇಲೆ ‘ನಾಳೆ ಬಾ’ ಎಂದು ಬರೆಯುವುದು. ಅವಳು ಓದಿಕೊಂಡು ಹೋಗುತ್ತಾಳೆ. ಮರುದಿನ ಬಂದಾಗಲೂ ನಾಳೆ ಬಾ ಎಂದೇ ಇರುತ್ತದೆ. ಸಾಕ್ಷರತಾ ಆಂದೋಲನದ ದಶಕದಲ್ಲಿ ಕನ್ನಡ ಓದಬಲ್ಲ, ಓದಿದ್ದನ್ನು ಪಾಲಿಸುವ ದೆವ್ವ ಹುಟ್ಟಿದ್ದು ಕಾಕತಾಳೀಯವಿರಬಹುದು. ಆದರೆ ಉಪಾಯವಂತೂ ಜನ ಕಂಡುಂಡದ್ದು. ಅಂಗಡಿಯ ಗೋಡೆಯ ಮೇಲೆ ‘ಇಂದು ನಗದು, ನಾಳೆ ಸಾಲ’ ಎಂದು ಬರೆದದ್ದು ಈ ಜಾಣ್ಮೆಯಿಂದಲೇ. ಅರ್ಜಿ ಹಿಡಿದು ಕಚೇರಿ ಸುತ್ತಿದವರಿಗೆ ‘ನಾಳೆ ಬಾ’ ಎಂಬ ಎರಡು ಪದಗಳ ಬಲ ಯಾರೂ ಹೇಳಿಕೊಡಬೇಕಾಗಿಲ್ಲ. ಅದನ್ನು ದೆವ್ವದ ಮೇಲೆ ತಿರುಗಿಸಿದ್ದಷ್ಟೇ ಹೊಸತು. ಈ ಕಥೆಯ ಎಳೆ ಹಿಡಿದೇ 2018ರಲ್ಲಿ ‘ಸ್ತ್ರೀ’ ಎಂಬ ಹಿಂದಿ ಚಿತ್ರ ಬಂತು. ಅಲ್ಲಿ ಗೋಡೆಯ ಬರಹ ಹಿಂದಿಗೆ ತಿರುಗಿತು.

ಅದೇ ದಶಕದಲ್ಲಿ, 1995ರಲ್ಲಿ, ಕೆರಿಬಿಯನ್ ದ್ವೀಪ ಪೋರ್ಟೊ ರಿಕೊದಲ್ಲಿ ಕುರಿ ಮೇಕೆಗಳು ಸತ್ತು ಬೀಳತೊಡಗಿದವು. ರಕ್ತ ಹೀರಿದ್ದಾರೆ ಎಂದರು. ‘ಚುಪಕಾಬ್ರ’, ಅಂದರೆ ಆಡು ಹೀರುವುದು, ಎಂಬ ಹೆಸರು ಹುಟ್ಟಿ ಟೀವಿಯ ಮೂಲಕ ಮೆಕ್ಸಿಕೊ, ಚಿಲಿವರೆಗೆ ಓಡಿತು. ಕೆಂಪು ಕಣ್ಣು, ಬೆನ್ನಿನ ಮೇಲೆ ಮುಳ್ಳಿನ ಸಾಲು, ಎರಡು ಕಾಲಿನ ನಡಿಗೆ. ಅಮೆರಿಕದ ಬರಹಗಾರ ಬೆಂಜಮಿನ್ ರ‍್ಯಾಡ್‌ಫರ್ಡ್ ವರ್ಷಗಟ್ಟಲೆ ಇದರ ಬೆನ್ನು ಹತ್ತಿ 2011ರಲ್ಲಿ ಪುಸ್ತಕ ಬರೆದ. ಮೊದಲು ಕಂಡವರು ಕೊಟ್ಟ ವರ್ಣನೆ, ಅದೇ ವರ್ಷ ತೆರೆಕಂಡ ಹಾಲಿವುಡ್ ಚಿತ್ರವೊಂದರ ಪ್ರಾಣಿಯನ್ನು ಬಹಳ ಹೋಲುತ್ತದೆ ಎಂದು ತೋರಿಸಿದ. ಅಮೆರಿಕದಲ್ಲಿ ಮುಂದೆ ಸಿಕ್ಕ ‘ಚುಪಕಾಬ್ರ’ ಹೆಣಗಳು ಕಜ್ಜಿ ಹತ್ತಿ ಕೂದಲುದುರಿದ ಕಯೋಟಿ, ನಾಯಿಗಳವು. ದೆಹಲಿಯಲ್ಲಿ 2001ರ ಮೇ ತಿಂಗಳಲ್ಲಿ ‘ಕೋತಿ ಮನುಷ್ಯ’ ಬಂದಾಗ ಮಾತ್ರ ಭಯಕ್ಕೆ ಮನುಷ್ಯರೇ ಬಲಿಯಾದರು. ಸೆಕೆಗೆ ಮಾಳಿಗೆಯ ಮೇಲೆ ಮಲಗಿದ್ದವರು ಕೂಗು ಕೇಳಿ ಓಡಿ ಕೆಳಗೆ ಬಿದ್ದು ಸತ್ತರು.

ಇಷ್ಟಾದರೂ ಇವೆಲ್ಲ ಮೈಯಿಲ್ಲದ ಭಯಗಳು. ನಾಳೆ ಬಾ ದೆವ್ವಕ್ಕೆ ಒಂದು ಸೀಮೆಸುಣ್ಣದ ತುಂಡು ಸಾಕಾಗಿತ್ತು. ಅದಕ್ಕಾಗಿ ಯಾರನ್ನೂ ಹೊಡೆಯಬೇಕಾಗಿರಲಿಲ್ಲ. ಕಥೆ ಬೇರೆ ದಾರಿ ಹಿಡಿಯುವುದು ಗುಮ್ಮನಿಗೆ ಮನುಷ್ಯನ ಮುಖ ಬಂದಾಗ.

ಸ್ಪೇನಿನಲ್ಲಿ ಕೊಕೊನ ಜೊತೆಗೆ ‘ಚೀಲದವನು’ ಇದ್ದಾನೆ, ಮಕ್ಕಳನ್ನು ಗೋಣಿಯಲ್ಲಿ ತುಂಬಿಕೊಂಡು ಹೋಗುವವನು. ನಮ್ಮ ಊರುಗಳಲ್ಲೂ ಅವನಿದ್ದ. ಸೇತುವೆ ಕಟ್ಟುವಾಗ ಬುನಾದಿಗೆ ಬಲಿ ಕೊಡಲು ಮಕ್ಕಳನ್ನು ಹಿಡಿಯುತ್ತಾರೆಂಬ ಗುಲ್ಲು ಬ್ರಿಟಿಷರ ಕಾಲದಿಂದ ಭಾರತದ ನಾನಾ ಕಡೆ ಎದ್ದದ್ದುಂಟು. ಸ್ಪೇನಿನ ಗಾಡೋರ್ ಎಂಬಲ್ಲಿ 1910ರಲ್ಲಿ ಇದು ಕಥೆಯಾಗಿ ಉಳಿಯಲಿಲ್ಲ. ನಾಟಿ ವೈದ್ಯನೊಬ್ಬನ ಮಾತು ಕೇಳಿ, ಕ್ಷಯರೋಗಿಯೊಬ್ಬನ ಮದ್ದಿಗಾಗಿ ಏಳು ವರ್ಷದ ಹುಡುಗನನ್ನು ಗೋಣಿಯಲ್ಲಿ ಹೊತ್ತೊಯ್ದು ಕೊಂದರು. ಅಂಥ ಒಂದು ನಿಜ ನೂರು ಸುಳ್ಳಿಗೆ ಮುಖಬೆಲೆ ಕೊಡುತ್ತದೆ. ಪೆರುವಿನ ಆಂಡಿಸ್ ಬೆಟ್ಟದವರಲ್ಲಿ ‘ಪಿಷ್ಟಾಕೊ’ ಎಂಬವನಿದ್ದಾನೆ, ಮನುಷ್ಯರನ್ನು ಕೊಂದು ಕೊಬ್ಬು ತೆಗೆಯುವ ಬಿಳಿಯ. ಹಿಂದೆ ಆ ಕೊಬ್ಬು ಚರ್ಚಿನ ಗಂಟೆ ಎರೆಯಲು ಹೋಗುತ್ತಿತ್ತಂತೆ, ಆಮೇಲೆ ಯಂತ್ರಗಳಿಗೆ. ಸ್ಪೇನಿನ ಆಳ್ವಿಕೆಯಲ್ಲಿ ಗಣಿಗಳಲ್ಲಿ ದುಡಿದು ಸವೆದ ಜನರ ನೆನಪು ಅದರಲ್ಲಿದೆ ಎನ್ನುವ ವಿದ್ವಾಂಸರ ಮಾತನ್ನು ತಳ್ಳಿಹಾಕಲಾಗದು. ಆದರೆ ನೆನಪಿಗೆ ನ್ಯಾಯವಿದ್ದ ಮಾತ್ರಕ್ಕೆ ಕೈಗೆ ಸಿಕ್ಕವನು ಅಪರಾಧಿಯಾಗುವುದಿಲ್ಲ. ಗ್ವಾಟೆಮಾಲದಲ್ಲಿ 1994ರ ಮಾರ್ಚಿನಲ್ಲಿ, ಪರದೇಶಿಗಳು ಅಂಗಾಂಗಗಳಿಗಾಗಿ ಮಕ್ಕಳನ್ನು ಕದಿಯುತ್ತಾರೆಂಬ ಗುಲ್ಲೆದ್ದು, ಪ್ರವಾಸಕ್ಕೆ ಬಂದಿದ್ದ ಅಮೆರಿಕದ ಮಹಿಳೆಯೊಬ್ಬರನ್ನು ಗುಂಪು ಅರೆಜೀವವಾಗುವಂತೆ ಹೊಡೆಯಿತು.

ಕರ್ನಾಟಕಕ್ಕೆ ಆ ಸರದಿ 2018ರಲ್ಲಿ ಬಂತು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಮೊಬೈಲಿನಿಂದ ಮೊಬೈಲಿಗೆ ಹಾರಿತು. ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಕೆಲಸ ಹುಡುಕಿಕೊಂಡು ರಾಜಸ್ಥಾನದಿಂದ ಬಂದಿದ್ದ 26 ವರ್ಷದ ಯುವಕನನ್ನು ಕಳ್ಳನೆಂದು ಹಿಡಿದು, ಕಟ್ಟಿ, ಹೊಡೆದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದ ಬಳಿ ಸತ್ತವನು ಹೈದರಾಬಾದಿನ ಎಂಜಿನಿಯರ್. ಗೆಳೆಯರೊಡನೆ ಕಾರಿನಲ್ಲಿ ಬಂದವರು ದಾರಿಯಲ್ಲಿ ಕಂಡ ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು. ಅನುಮಾನಕ್ಕೆ ಅಷ್ಟು ಸಾಕಾಯಿತು. ಅದೇ ತಿಂಗಳು ವಾಟ್ಸ್‌ಆ್ಯಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸಬಹುದೆಂಬ ಮಿತಿ ತಂದಿತು. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಹಿಂಸಿಸುವುದನ್ನು ಅಪರಾಧವೆಂದ ರಾಜ್ಯದ ಕಾಯ್ದೆ 2017ರಲ್ಲೇ ಅಂಗೀಕಾರವಾಗಿದ್ದರೂ ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ಮುಖ ಬಂದ ಗುಮ್ಮನಿಗೆ ಹೊಡೆಯುವವರನ್ನು ಹಿಡಿಯಲು ಹೊಸ ಕಾಯ್ದೆ ಬೇಕಾಗಿಲ್ಲ, ಕೊಲೆಯ ಕಲಮುಗಳು ಹಿಂದಿನಿಂದಲೂ ಇವೆ.

ಆ ದಿನಗಳಲ್ಲಿ ಅತಿ ಹೆಚ್ಚು ಓಡಾಡಿದ ವೀಡಿಯೊ ತುಣುಕಿನಲ್ಲಿ, ಗಲ್ಲಿಯಲ್ಲಿ ಕ್ರಿಕೆಟ್ ಆಡುತ್ತಿದ್ದ ಮಕ್ಕಳ ನಡುವಿನಿಂದ ಬೈಕಿನಲ್ಲಿ ಬಂದ ಇಬ್ಬರು ಒಂದು ಮಗುವನ್ನು ಎತ್ತಿಕೊಂಡು ಮಾಯವಾಗುತ್ತಾರೆ. ಅದು ಭಾರತದ್ದೇ ಅಲ್ಲ. ಮಕ್ಕಳ ಸುರಕ್ಷತೆಯ ಬಗ್ಗೆ ಎಚ್ಚರಿಸಲು ಪಾಕಿಸ್ತಾನದ ಕರಾಚಿಯಲ್ಲಿ ಸಂಸ್ಥೆಯೊಂದು ತೆಗೆಸಿದ ಜಾಹೀರಾತು. ಯಾರೋ ಅದರ ಕೊನೆಯನ್ನು ಕತ್ತರಿಸಿದ್ದರು. ಪೂರ್ತಿ ಚಿತ್ರದಲ್ಲಿ ಬೈಕಿನವರು ತಿರುಗಿ ಬರುತ್ತಾರೆ, ಮಗುವನ್ನು ಇಳಿಸುತ್ತಾರೆ, ಮಗುವನ್ನು ಕದಿಯಲು ಒಂದು ಕ್ಷಣ ಸಾಕು ಎಂದು ಬರೆದ ಫಲಕವನ್ನು ಎತ್ತಿ ತೋರಿಸುತ್ತಾರೆ.