ಬಿಡಿಭಾಗಗಳ ಒಡಂಬಡಿಕೆ: ಅಗ್ಗದ ಡೆಸ್ಕ್‌ಟಾಪ್ ಜೋಡಣೆಯ ಇತಿಹಾಸ

ಮದರ್‌ಬೋರ್ಡ್, ಪ್ರೊಸೆಸರ್, ಮೆಮೊರಿ, ಗ್ರಾಫಿಕ್ಸ್ ಕಾರ್ಡ್, ವಿದ್ಯುತ್ತನ್ನು ಹದಗೊಳಿಸಿ ಒದಗಿಸುವ ಎಸ್‌ಎಂಪಿಎಸ್ ಹಾಗೂ ಇವೆಲ್ಲಕ್ಕೂ ಮನೆಯಾಗುವ ಕ್ಯಾಬಿನೆಟ್ಟನ್ನು ಬೇರೆ ಬೇರೆ ಕಂಪನಿಗಳಿಂದ ಕೊಂಡು, ಒಂದು ಸ್ಕ್ರೂಡ್ರೈವರಿನ ನೆರವಿನಿಂದ ಕೆಲವೇ ಗಂಟೆಗಳಲ್ಲಿ ಪೂರ್ಣ ಕಂಪ್ಯೂಟರಾಗಿ ಜೋಡಿಸುವ ರೂಢಿ ಇಂದಿನ ವಿದ್ಯಾರ್ಥಿಗಳಿಗೆ ಸಹಜವಾಗಿ ಕಾಣುತ್ತದೆ. ಆದರೆ ಕಾರನ್ನಾಗಲಿ, ದೂರದರ್ಶನದ ಪೆಟ್ಟಿಗೆಯನ್ನಾಗಲಿ, ಮೊಬೈಲನ್ನಾಗಲಿ ಹೀಗೆ ಅಂಗಡಿಯಿಂದ ಭಾಗಗಳನ್ನು ಆರಿಸಿ ತಂದು ಕಟ್ಟಿಕೊಳ್ಳುವ ಪದ್ಧತಿ ಬೆಳೆಯಲಿಲ್ಲ. ಒಬ್ಬರನ್ನೊಬ್ಬರು ಅರಿಯದ ತಯಾರಕರು ಮಾಡಿದ ವಸ್ತುಗಳು ಒಂದೇ ಪೆಟ್ಟಿಗೆಯೊಳಗೆ ಹೊಂದಿಕೊಂಡು ಕೆಲಸ ಮಾಡಬೇಕಾದರೆ, ಅವು ಕೂಡುವ ಸಂದುಗಳ ಅಳತೆ, ವಿದ್ಯುತ್ತಿನ ಮಟ್ಟ, ಸಂಕೇತಗಳ ಕ್ರಮ ಇವೆಲ್ಲ ಮೊದಲೇ ನಿಶ್ಚಯವಾಗಿ ಎಲ್ಲರಿಗೂ ತಿಳಿದಿರಬೇಕು. ಡೆಸ್ಕ್‌ಟಾಪ್ ಅಗ್ಗವಾದುದಕ್ಕೆ ತಂತ್ರಜ್ಞಾನದ ಪ್ರಗತಿಯಷ್ಟೇ ಈ ಬಹಿರಂಗ ಒಡಂಬಡಿಕೆಯೂ ಕಾರಣ. ಆಟ ಮತ್ತು ಪ್ರೋಗ್ರಾಮಿಂಗ್ ಎಂಬ ಎರಡು ಆಸಕ್ತಿಗಳು ಅದನ್ನು ಜೀವಂತವಾಗಿ ಉಳಿಸಿದವು.

ಈ ಚರಿತ್ರೆಯ ಮೊದಲ ಘಟ್ಟವನ್ನು 1975ರ ಜನವರಿಯಲ್ಲಿ ಗುರುತಿಸಬಹುದು. ಅಮೆರಿಕದ ‘ಪಾಪ್ಯುಲರ್ ಎಲೆಕ್ಟ್ರಾನಿಕ್ಸ್’ ಪತ್ರಿಕೆ ಆ ತಿಂಗಳ ಮುಖಪುಟದಲ್ಲಿ ಆಲ್ಟೇರ್ 8800 ಎಂಬ ಯಂತ್ರವನ್ನು ಪರಿಚಯಿಸಿತು. ನ್ಯೂ ಮೆಕ್ಸಿಕೊ ರಾಜ್ಯದ ಆಲ್ಬುಕರ್ಕಿ ನಗರದಲ್ಲಿ ಎಡ್ ರಾಬರ್ಟ್ಸ್ ನಡೆಸುತ್ತಿದ್ದ ಎಂಐಟಿಎಸ್ ಎಂಬ ಸಣ್ಣ ಕಂಪನಿ ಅದರ ಬಿಡಿಭಾಗಗಳ ಕಟ್ಟನ್ನು 397 ಡಾಲರಿಗೆ ಕೊಡಲು ಮುಂದಾಯಿತು. ಇಂಟೆಲ್‌ನ 8080 ಪ್ರೊಸೆಸರ್ ಒಂದಕ್ಕೇ ಆಗ 360 ಡಾಲರ್ ಬೆಲೆಯಿದ್ದು, ರಾಬರ್ಟ್ಸ್ ಸಗಟಾಗಿ ಕೊಳ್ಳುವ ಮಾತುಕೊಟ್ಟು ಅದನ್ನು ಸುಮಾರು 75 ಡಾಲರಿಗೆ ಇಳಿಸಿಕೊಂಡದ್ದರಿಂದ ಈ ದರ ಸಾಧ್ಯವಾಯಿತು. ಕೇವಲ 256 ಬೈಟ್ ಮೆಮೊರಿಯಿದ್ದ ಈ ಯಂತ್ರಕ್ಕೆ ಕೀಲಿಮಣೆಯಾಗಲಿ ಪರದೆಯಾಗಲಿ ಇರಲಿಲ್ಲ. ಮುಂಬದಿಯ ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡಿ ಆಜ್ಞೆಗಳನ್ನು ತುಂಬಿ, ಮಿನುಗುವ ದೀಪಗಳಲ್ಲಿ ಉತ್ತರವನ್ನು ಓದಿಕೊಳ್ಳಬೇಕಿತ್ತು. ಆದರೂ ಅದರೊಳಗಿನ ‘ಬಸ್’, ಅಂದರೆ ಹಲವು ಫಲಕಗಳು ಒಂದೇ ತಂತಿಸಾಲಿನ ಮೂಲಕ ಪರಸ್ಪರ ಮಾಹಿತಿ ಸಾಗಿಸುವ ವ್ಯವಸ್ಥೆ, ಬೇರೆಯವರೂ ಫಲಕಗಳನ್ನು ಮಾಡಿ ಮಾರಲು ದಾರಿ ತೆರೆಯಿತು. ಮುಂದೆ ಎಸ್-100 ಎಂದು ಹೆಸರಾದ ಈ ಬಸ್ಸಿನ ಸುತ್ತ ಒಂದು ಚಿಕ್ಕ ಉದ್ಯಮವೇ ಹುಟ್ಟಿತು. ಅದೇ ವರ್ಷದ ಮಾರ್ಚಿನಲ್ಲಿ ಕ್ಯಾಲಿಫೋರ್ನಿಯದ ಮೆನ್ಲೊ ಪಾರ್ಕಿನ ಒಂದು ಗ್ಯಾರೇಜಿನಲ್ಲಿ ಸೇರಿದ ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್ಬಿನ ಹವ್ಯಾಸಿಗಳು ಅದರ ಗಿರಾಕಿಗಳೂ ಸಂಶೋಧಕರೂ ಆದರು. ಆದರೆ ಎಸ್-100ರ ನಿಯಮಗಳು ಆರಂಭದಲ್ಲಿ ಬಿಗಿಯಾಗಿರಲಿಲ್ಲ, ಒಬ್ಬರ ಫಲಕ ಇನ್ನೊಬ್ಬರದರೊಡನೆ ಹೊಂದುವ ಭರವಸೆಯಿರಲಿಲ್ಲ, ಬೆಸುಗೆ ಬಾರದವರಿಗೆ ಕಟ್ಟನ್ನು ಕೊಂಡೂ ಪ್ರಯೋಜನವಿರಲಿಲ್ಲ.

ಎರಡನೆಯ ಘಟ್ಟಕ್ಕೆ ಕಾರಣವಾದದ್ದು ಆ ಕಾಲದ ಅತಿ ದೊಡ್ಡ ಕಂಪ್ಯೂಟರ್ ಕಂಪನಿಯೇ. ಐಬಿಎಂ 1981ರ ಆಗಸ್ಟ್ 12ರಂದು ಬಿಡುಗಡೆ ಮಾಡಿದ ಪರ್ಸನಲ್ ಕಂಪ್ಯೂಟರನ್ನು ಬೇಗ ಮಾರುಕಟ್ಟೆಗೆ ತರಬೇಕೆಂಬ ಒತ್ತಡದಲ್ಲಿ, ಅದರ ವಿನ್ಯಾಸಕರು ತಮ್ಮದೇ ಭಾಗಗಳಿಗೆ ಕಾಯದೆ ಇಂಟೆಲ್‌ನ 8088 ಪ್ರೊಸೆಸರನ್ನೂ ಮೈಕ್ರೊಸಾಫ್ಟಿನ ಕಾರ್ಯಾಚರಣ ವ್ಯವಸ್ಥೆಯನ್ನೂ ಹೊರಗಿನಿಂದ ಪಡೆದರು. ಅಷ್ಟೇ ಮುಖ್ಯವಾಗಿ, ಹೊರಗಿನವರು ವಿಸ್ತರಣ ಕಾರ್ಡುಗಳನ್ನು ಮಾಡಲು ಅನುಕೂಲವಾಗಲೆಂದು ಯಂತ್ರದ ಮಂಡಲಚಿತ್ರಗಳನ್ನೂ ‘ಬಯಾಸ್’ ತಂತ್ರಾಂಶದ ಪೂರ್ಣ ಪಠ್ಯವನ್ನೂ ತಾಂತ್ರಿಕ ಕೈಪಿಡಿಯಲ್ಲಿ ಪ್ರಕಟಿಸಿದರು. ಬಯಾಸ್ ಎಂದರೆ ಯಂತ್ರ ಚಾಲೂ ಆದೊಡನೆ ಭಾಗಗಳನ್ನು ಎಚ್ಚರಿಸಿ ಪರೀಕ್ಷಿಸಿ, ಅವುಗಳ ಮತ್ತು ಉಳಿದ ತಂತ್ರಾಂಶಗಳ ನಡುವೆ ಮಧ್ಯವರ್ತಿಯಾಗಿ ನಿಲ್ಲುವ ಮೂಲ ತಂತ್ರಾಂಶ. ಅದಕ್ಕೆ ಕೃತಿಸ್ವಾಮ್ಯದ ರಕ್ಷಣೆಯಿದ್ದುದರಿಂದ ಯಾರೂ ನಕಲು ಮಾಡಲಾರರೆಂಬ ಎಣಿಕೆ ಇತ್ತು. 1982ರಲ್ಲಿ ಸ್ಥಾಪನೆಯಾದ ಕಾಂಪ್ಯಾಕ್ ಈ ತಡೆಯನ್ನು ನ್ಯಾಯಸಮ್ಮತವಾಗಿಯೇ ದಾಟಿತು: ಮೂಲ ಪಠ್ಯವನ್ನು ಓದಿದ ಒಂದು ತಂಡ ಬಯಾಸ್ ಮಾಡುವ ಕೆಲಸಗಳನ್ನು ಮಾತ್ರ ವಿವರವಾಗಿ ಬರೆದಿಟ್ಟಿತು, ಆ ಪಠ್ಯವನ್ನು ಎಂದೂ ಕಾಣದ ಇನ್ನೊಂದು ತಂಡ ಆ ವಿವರಣೆಯನ್ನಷ್ಟೇ ಆಧರಿಸಿ ಹೊಸ ಬಯಾಸನ್ನು ರಚಿಸಿತು. 1984ರಲ್ಲಿ ಫೀನಿಕ್ಸ್ ಟೆಕ್ನಾಲಜೀಸ್ ಇಂಥದೇ ವಿಧಾನದಿಂದ ಸಿದ್ಧಪಡಿಸಿದ ಬಯಾಸನ್ನು ಬೇಕೆಂದ ತಯಾರಕರಿಗೆಲ್ಲ ಒದಗಿಸತೊಡಗಿದ ಮೇಲೆ, ಐಬಿಎಂಗೆ ಹೊಂದುವ ಯಂತ್ರವನ್ನು ಯಾರು ಬೇಕಾದರೂ ಕಟ್ಟಬಹುದಾಯಿತು.

ಈ ಅವಕಾಶವನ್ನು ಚೆನ್ನಾಗಿ ಬಳಸಿಕೊಂಡವರಲ್ಲಿ ತೈವಾನಿನ ಉದ್ಯಮಿಗಳು ಮುಂಚೂಣಿಯಲ್ಲಿದ್ದರು. 1986ರಲ್ಲಿ ಗಿಗಾಬೈಟ್ ಮತ್ತು ಎಂಎಸ್‌ಐ, 1989ರಲ್ಲಿ ಏಸರ್ ಕಂಪನಿಯನ್ನು ಬಿಟ್ಟುಬಂದ ನಾಲ್ವರು ಎಂಜಿನಿಯರುಗಳಿಂದ ಏಸಸ್, ಹೀಗೆ ಅಲ್ಲಿ ತಲೆಯೆತ್ತಿದ ಕಂಪನಿಗಳು ಪೂರ್ಣ ಕಂಪ್ಯೂಟರಿಗಿಂತ ಮದರ್‌ಬೋರ್ಡ್ ಮುಂತಾದ ಭಾಗಗಳ ತಯಾರಿಕೆಯಲ್ಲೇ ಪರಿಣತಿ ಗಳಿಸಿದವು. ಐಬಿಎಂ 1987ರಲ್ಲಿ ಪಿಎಸ್/2 ಸಾಲಿನ ಯಂತ್ರಗಳ ಮೂಲಕ ಪರವಾನಗಿ ಬೇಡುವ ಹೊಸ ಬಸ್ಸೊಂದನ್ನು ತಂದು ಬಾಗಿಲನ್ನು ಮತ್ತೆ ಮುಚ್ಚಲೆತ್ನಿಸಿತಾದರೂ ಉಳಿದ ತಯಾರಕರು ಅದರ ಹಿಂದೆ ಹೋಗಲಿಲ್ಲ. ತೊಂಬತ್ತರ ದಶಕದಲ್ಲಿ ನಿಯಮ ರೂಪಿಸುವ ನಾಯಕತ್ವ ಇಂಟೆಲ್‌ಗೆ ದಾಟಿತು. ಅದು 1992ರಲ್ಲಿ ಪಿಸಿಐ ಎಂಬ ವೇಗದ ಬಸ್ಸನ್ನೂ 1995ರಲ್ಲಿ ಎಟಿಎಕ್ಸ್ ಎಂಬ ಆಕಾರಮಾನವನ್ನೂ ಹೊರತಂದಿತು. ಮದರ್‌ಬೋರ್ಡಿನ ಉದ್ದಗಲ, ಸ್ಕ್ರೂ ಕೂರುವ ರಂಧ್ರಗಳ ಸ್ಥಾನ, ಹಿಂಬದಿಯ ಕಿಂಡಿಯ ಅಳತೆ, ವಿದ್ಯುತ್ ಕನೆಕ್ಟರಿನ ರಚನೆ ಇವೆಲ್ಲವನ್ನೂ ಗೊತ್ತುಮಾಡುವ ಎಟಿಎಕ್ಸ್ ಇಂದಿಗೂ ಚಾಲ್ತಿಯಲ್ಲಿದೆ. ಬೆಸುಗೆಯ ಕಸುಬನ್ನು ಬೇಡುತ್ತಿದ್ದ ಜೋಡಣೆ ಸ್ಕ್ರೂಡ್ರೈವರಿನ ಕೆಲಸವಾಗಿ ಸರಳವಾದದ್ದು ಇಂಥ ನಿಯಮಗಳಿಂದಲೇ.

ಭಾರತದಲ್ಲಿ ಈ ಬದಲಾವಣೆ ಸರಕಾರದ ಆಮದು ನೀತಿಯ ದಾರಿಯಲ್ಲಿ ಬಂದಿತು. ರಾಜೀವ್ ಗಾಂಧಿ ಪ್ರಧಾನಿಯಾದ ಹೊಸತರಲ್ಲಿ, 1984ರ ನವೆಂಬರಿನಲ್ಲಿ ಪ್ರಕಟವಾದ ಕಂಪ್ಯೂಟರ್ ನೀತಿ ಬಿಡಿಭಾಗಗಳ ಆಮದನ್ನು ಸಡಿಲಿಸಿತು. 1991ರ ಉದಾರೀಕರಣ ಆ ದಾರಿಯನ್ನು ಅಗಲಗೊಳಿಸಿತು. ವಿಶ್ವ ವ್ಯಾಪಾರ ಸಂಸ್ಥೆಯ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ 1997ರಲ್ಲಿ ಸೇರಿದ ಭಾರತ ಮುಂದಿನ ವರ್ಷಗಳಲ್ಲಿ ಕಂಪ್ಯೂಟರ್ ಭಾಗಗಳ ಮೇಲಿನ ಸುಂಕವನ್ನು ಹಂತಹಂತವಾಗಿ ಇಳಿಸಿತು. ದೆಹಲಿಯ ನೆಹರೂ ಪ್ಲೇಸ್, ಮುಂಬೈನ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈನ ರಿಚಿ ಸ್ಟ್ರೀಟ್ ಮತ್ತು ಬೆಂಗಳೂರಿನ ಎಸ್.ಪಿ. ರಸ್ತೆ ಈ ವ್ಯಾಪಾರದ ಕೇಂದ್ರಗಳಾದವು. ಹಳೆಯ ಪೇಟೆಯ ಇಕ್ಕಟ್ಟಿನಲ್ಲಿರುವ ಎಸ್.ಪಿ. ರಸ್ತೆಯ ಬೆಳವಣಿಗೆಗೆ ಬೆಂಗಳೂರಿನ ಔದ್ಯೋಗಿಕ ಹಿನ್ನೆಲೆಯೂ ಪೋಷಕವಾಗಿತ್ತು. ಐಟಿಐ, ಬಿಇಎಲ್‌ನಂಥ ಸಾರ್ವಜನಿಕ ಉದ್ದಿಮೆಗಳು ದಶಕಗಳಿಂದ ಬೆಳೆಸಿದ ಎಲೆಕ್ಟ್ರಾನಿಕ್ಸ್ ಪರಿಚಯ ಈ ಊರಿನಲ್ಲಿ ಆಗಲೇ ಬೇರುಬಿಟ್ಟಿತ್ತು. ‘ಬ್ರ್ಯಾಂಡೆಡ್’ ಯಂತ್ರಕ್ಕೆ ಪ್ರತಿಯಾಗಿ ‘ಅಸೆಂಬಲ್ಡ್’ ಎಂದು ಕರೆಸಿಕೊಂಡ ಕಂಪ್ಯೂಟರ್ ಸಣ್ಣ ಕಚೇರಿಗಳಿಗೆ, ಮುದ್ರಣದ ಅಕ್ಷರಜೋಡಣೆ ಮಾಡುವ ಡಿಟಿಪಿ ಕೇಂದ್ರಗಳಿಗೆ, ಸೈಬರ್ ಕೆಫೆಗಳಿಗೆ ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳ ಕೋಣೆಗಳಿಗೆ ಪ್ರವೇಶಿಸಿತು. 1998ರಲ್ಲಿ ಬಂದ ‘ಬರಹ’ ಮತ್ತು ನಂತರ ಬಂದ ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶಗಳು ಕಂಪ್ಯೂಟರಿನಲ್ಲಿ ಕನ್ನಡ ಓದುಬರಹವನ್ನು ಸುಲಭಗೊಳಿಸಿದಾಗ, ಅವು ನೆಲೆಯೂರಿದ್ದು ಬಹುಪಾಲು ಇಂಥ ಯಂತ್ರಗಳ ಮೇಲೆಯೇ. ಗಿರಾಕಿಯ ಕೈಯಲ್ಲಿರುವ ಹಣ ಕೇಳಿ, ಪ್ರೊಸೆಸರಿನಲ್ಲಿ ಉಳಿಸಿ ಮೆಮೊರಿಗೆ ಸೇರಿಸುವ ಅಥವಾ ಮಾನಿಟರಿನಲ್ಲಿ ಇಳಿಸಿ ಹಾರ್ಡ್ ಡಿಸ್ಕಿಗೆ ಏರಿಸುವ ಲೆಕ್ಕಾಚಾರವನ್ನು ಬಲ್ಲ ಜೋಡಣೆಗಾರ, ಕಂಪ್ಯೂಟರಿನ ಒಳಗನ್ನು ಸಾಮಾನ್ಯರಿಗೆ ಪರಿಚಯಿಸಿದ ಮೊದಲ ಶಿಕ್ಷಕನೂ ಆದ.

ಅಗ್ಗದ ಯಂತ್ರದಲ್ಲಿ ಪ್ರೋಗ್ರಾಮಿಂಗ್ ಎಂಥ ಫಲ ಕೊಡಬಲ್ಲುದೆಂಬುದಕ್ಕೆ ಫಿನ್ಲೆಂಡಿನ ಲಿನಸ್ ಟೊರ್ವಾಲ್ಡ್ಸ್‌ಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಅವರು 1991ರ ಜನವರಿಯಲ್ಲಿ ಇಂಟೆಲ್ 386 ಪ್ರೊಸೆಸರಿನ, 4 ಮೆಗಾಬೈಟ್ ಮೆಮೊರಿಯ ಐಬಿಎಂ ಮಾದರಿಯ ಯಂತ್ರವೊಂದನ್ನು ಕಂತಿನ ಮೇಲೆ ಕೊಂಡರು. ಮಿನಿಕ್ಸ್ ಎಂಬ ಬೋಧನೋಪಯೋಗಿ ಕಾರ್ಯಾಚರಣ ವ್ಯವಸ್ಥೆಯ ಪ್ರತಿ ಅಂಚೆಯಲ್ಲಿ ಬರುವವರೆಗೆ ಆ ಯಂತ್ರದಲ್ಲಿ ‘ಪ್ರಿನ್ಸ್ ಆಫ್ ಪರ್ಷಿಯ’ ಆಟವಾಡಿ, ಅದು ಬಂದ ಮೇಲೆ ತಮ್ಮದೇ ವ್ಯವಸ್ಥೆಯ ರಚನೆಗೆ ತೊಡಗಿ, ಅದೇ ವರ್ಷದ ಆಗಸ್ಟಿನಲ್ಲಿ ಅದನ್ನು ಲೋಕಕ್ಕೆ ತಿಳಿಸಿದರು. ಅದೇ ಮುಂದೆ ಲಿನಕ್ಸ್ ಆಯಿತು. ಆ ಪ್ರಕಟಣೆಯಲ್ಲೇ ಅವರು ತಮ್ಮ ಕೃತಿ 386 ಮತ್ತು 486ರ ನಕಲು ಯಂತ್ರಗಳಿಗೆಂದು ಹೇಳಿದ್ದುದು ಗಮನಾರ್ಹ. ಅಂಥ ಯಂತ್ರಗಳು ಎಲ್ಲೆಡೆ ಇದ್ದುದರಿಂದಲೇ ಅಪರಿಚಿತರು ಅದನ್ನು ತಮ್ಮ ಮನೆಯಲ್ಲಿ ಓಡಿಸಿ, ತಿದ್ದಿ, ಬೆಳೆಸಲು ಸಾಧ್ಯವಾಯಿತು.

ಆಟಗಳಾದರೋ ಯಂತ್ರದ ಸಾಮರ್ಥ್ಯವನ್ನೇ ಮೇಲಕ್ಕೆ ನೂಕಿದವು. 1993ರ ‘ಡೂಮ್’ ಕಚೇರಿ ಕೆಲಸಕ್ಕೆಂದು ಮಾಡಿದ ಯಂತ್ರ ಆಟದ ಯಂತ್ರವೂ ಆಗಬಲ್ಲುದೆಂದು ತೋರಿಸಿತು. 1996ರ ‘ಕ್ವೇಕ್’ ನಿಜವಾದ ಮೂರು ಆಯಾಮದ ಜಗತ್ತನ್ನು ಚಿತ್ರಿಸಲು ದಶಾಂಶ ಲೆಕ್ಕಗಳನ್ನು ಹೇರಳವಾಗಿ ಮಾಡಬೇಕಿದ್ದರಿಂದ, ಕಚೇರಿ ಕೆಲಸದಲ್ಲಿ ಇಂಟೆಲ್‌ನ ಪೆಂಟಿಯಮ್ಮಿಗೆ ಸರಿಸಾಟಿಯಾಗಿದ್ದ ಸೈರಿಕ್ಸ್ 6ಎಕ್ಸ್86 ಪ್ರೊಸೆಸರ್ ಅಂಥ ಲೆಕ್ಕದಲ್ಲಿ ದುರ್ಬಲವಾಗಿದ್ದು ಈ ಆಟದಲ್ಲಿ ಹಿಂದೆ ಬಿದ್ದಿತು. ಯಾವ ಭಾಗ ಒಳ್ಳೆಯದೆಂಬುದು ಮಾಡಬೇಕಾದ ಕೆಲಸವನ್ನು ಅವಲಂಬಿಸಿದೆಯೆಂಬ, ಅಗ್ಗದ ಜೋಡಣೆಯ ಮೂಲಪಾಠ ಇಲ್ಲಿ ಎದ್ದು ಕಂಡಿತು. ಅದೇ ವರ್ಷ ಮೆಮೊರಿ ಚಿಪ್ಪುಗಳ ಬೆಲೆ ಕುಸಿದದ್ದರಿಂದ, 3ಡಿಎಫ್ಎಕ್ಸ್ ಕಂಪನಿಯ ವೂಡೂ ಚಿಪ್ಪು ಆಟದಂಗಡಿಗಳ ದೊಡ್ಡ ಯಂತ್ರಗಳಿಂದಾಚೆಗೆ, ಮನೆಯ ಕಂಪ್ಯೂಟರಿನ ಪಿಸಿಐ ಕಿಂಡಿಗೆ ಬಂದಿತು. ಯಂತ್ರವನ್ನು ಬದಲಿಸದೆ ಒಂದು ಕಾರ್ಡನ್ನಷ್ಟೇ ಸೇರಿಸಿ ಹೊಸ ಸಾಮರ್ಥ್ಯ ಪಡೆಯುವುದು ಜನಸಾಮಾನ್ಯರ ಅನುಭವಕ್ಕೆ ದಕ್ಕಿತು.

ಮಿತವ್ಯಯವನ್ನು ಒಂದು ಕಲೆಯಾಗಿಸಿದ ಭಾಗವೆಂದರೆ 1998ರ ಆಗಸ್ಟಿನಲ್ಲಿ ಇಂಟೆಲ್ ತಂದ ಸೆಲೆರಾನ್ 300ಎ. ಪದೇ ಪದೇ ಬೇಕಾಗುವ ಮಾಹಿತಿಯನ್ನು ಹತ್ತಿರದಲ್ಲೇ ಇಟ್ಟುಕೊಳ್ಳುವ ಕ್ಯಾಶ್ ಮೆಮೊರಿ ದುಬಾರಿ ಪೆಂಟಿಯಮ್ 2ರಲ್ಲಿ 512 ಕಿಲೊಬೈಟಿನಷ್ಟಿದ್ದರೂ ಅದು ಪ್ರೊಸೆಸರಿನ ಅರ್ಧ ವೇಗದಲ್ಲಿ ಓಡುತ್ತಿತ್ತು. 300ಎಯಲ್ಲಿ 128 ಕಿಲೊಬೈಟ್ ಮಾತ್ರ ಇದ್ದರೂ ಅದು ಚಿಪ್ಪಿನೊಳಗೇ ಇದ್ದು ಪೂರ್ಣ ವೇಗದಲ್ಲಿ ಓಡುತ್ತಿತ್ತು. 66 ಮೆಗಾಹರ್ಟ್ಸ್ ಬಸ್ಸನ್ನು 100ಕ್ಕೆ ಏರಿಸಿದರೆ 300 ಮೆಗಾಹರ್ಟ್ಸ್‌ನ ಪ್ರೊಸೆಸರ್ 450ರಲ್ಲಿ ನಡೆಯುತ್ತದೆಂದೂ, ಬಹಳಷ್ಟು ಚಿಪ್ಪುಗಳು ಅದನ್ನು ತಾಳಿಕೊಳ್ಳುತ್ತವೆಂದೂ ಹವ್ಯಾಸಿಗಳು ಕಂಡುಕೊಂಡರು. ಹೀಗೆ 149 ಡಾಲರಿನ ಚಿಪ್ಪು ನಾಲ್ಕು ಪಟ್ಟಿಗೂ ಹೆಚ್ಚು ಬೆಲೆಯ 450 ಮೆಗಾಹರ್ಟ್ಸ್ ಪೆಂಟಿಯಮ್ 2ರ ಸಮೀಪ ನಿಂತಿತು. ನಿಗದಿತ ವೇಗವನ್ನು ಮೀರಿ ಓಡಿಸುವ ಈ ಕ್ರಮಕ್ಕೆ ಓವರ್‌ಕ್ಲಾಕಿಂಗ್ ಎನ್ನುತ್ತಾರೆ. ಮರುವರ್ಷ ತೈವಾನಿನ ಅಬಿಟ್ ಕಂಪನಿಯ ಬಿಪಿ6 ಮದರ್‌ಬೋರ್ಡ್, ಇಂಟೆಲ್ ಉದ್ದೇಶಿಸದಿದ್ದರೂ ಎರಡು ಸೆಲೆರಾನ್‌ಗಳನ್ನು ಒಟ್ಟಿಗೆ ದುಡಿಸಿತು. ವಿಂಡೋಸ್ 98 ಎರಡನೆಯ ಪ್ರೊಸೆಸರನ್ನು ಬಳಸಲಾರದಿದ್ದರೂ ಲಿನಕ್ಸ್ ಬಳಸಬಲ್ಲದಾಗಿದ್ದರಿಂದ, ಬಹುಮಟ್ಟಿಗೆ ದುಬಾರಿ ಯಂತ್ರಗಳಿಗೆ ಮೀಸಲಾಗಿದ್ದ ಅನುಕೂಲ ಮಿತ ಹಣದ ಪ್ರೋಗ್ರಾಮರಿಗೂ ದೊರೆಯಿತು.

ಆಟಕ್ಕೆಂದು ಕೊಂಡ ಭಾಗ ವಿಜ್ಞಾನದ ಉಪಕರಣವಾದದ್ದು ಈ ಚರಿತ್ರೆಯ ಅತ್ಯಂತ ಫಲವತ್ತಾದ ತಿರುವು. ಪರದೆಯ ಲಕ್ಷಾಂತರ ಬಿಂದುಗಳ ಬಣ್ಣವನ್ನು ಏಕಕಾಲದಲ್ಲಿ ಲೆಕ್ಕಹಾಕುವ ಗ್ರಾಫಿಕ್ಸ್ ಕಾರ್ಡನ್ನು ಬೇರೆ ಗಣಿತಕ್ಕೂ ಬಳಸಲು ಎನ್‌ವಿಡಿಯ 2007ರಲ್ಲಿ ಕುಡಾ ಎಂಬ ಪ್ರೋಗ್ರಾಮಿಂಗ್ ವ್ಯವಸ್ಥೆಯನ್ನು ಬಿಡುಗಡೆ ಮಾಡಿತು. 2012ರಲ್ಲಿ ಚಿತ್ರಗಳನ್ನು ಗುರುತಿಸುವ ಸ್ಪರ್ಧೆಯಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಅಲೆಕ್ಸ್ ಕ್ರಿಜೆವ್‌ಸ್ಕಿ ಮತ್ತು ಸಂಗಡಿಗರ ಅಲೆಕ್ಸ್‌ನೆಟ್ ಎಂಬ ಕೃತಕ ನರಜಾಲ ಉಳಿದೆಲ್ಲ ಸ್ಪರ್ಧಿಗಳನ್ನು ಬಹುದೂರ ಹಿಂದಿಕ್ಕಿತು; ಅದಕ್ಕೆ ತರಬೇತಿ ನಡೆದದ್ದು ಆಟಗಾರರು ಕೊಳ್ಳುವ ಜಿಟಿಎಕ್ಸ್ 580 ಎಂಬ ಎರಡು ಕಾರ್ಡುಗಳ ಮೇಲೆ, ಐದಾರು ದಿನಗಳ ಕಾಲ. ಇಂದಿನ ಕೃತಕ ಬುದ್ಧಿಮತ್ತೆಯ ಅಲೆಗೆ ಆಟಗಾರರ ಮಾರುಕಟ್ಟೆ ಹಲವು ವರ್ಷ ಬಂಡವಾಳ ಒದಗಿಸಿತ್ತೆಂಬುದನ್ನು ಮರೆಯಬಾರದು.

ಆಟದ ಕಾರ್ಡಿಗೂ ಬೇರೆ ಲೆಕ್ಕಾಚಾರಗಳಿಗೂ ಬೆಳೆದ ಈ ನಂಟು ಹೊರೆಯನ್ನೂ ತಂದಿದೆ. 2021ರ ಸುಮಾರಿಗೆ ಚಿಪ್ಪುಗಳ ಕೊರತೆ ಮತ್ತು ಇಂಥ ಕಾರ್ಡುಗಳಿಂದಲೇ ನಡೆಯುತ್ತಿದ್ದ ಕ್ರಿಪ್ಟೊ ನಾಣ್ಯಗಳ ಗಣಿಗಾರಿಕೆ ಕೂಡಿ ಗ್ರಾಫಿಕ್ಸ್ ಕಾರ್ಡುಗಳನ್ನು ವಿದ್ಯಾರ್ಥಿಗಳ ಕೈಗೆ ನಿಲುಕದಂತೆ ಮಾಡಿದವು. ಆದರೆ ಭಾಗಗಳು ಬಿಡಿಯಾಗಿರುವುದರಿಂದಲೇ ಇಂಥ ಕಾಲವನ್ನು ದಾಟುವ ದಾರಿಗಳೂ ಉಳಿದವು. 2018ರಲ್ಲಿ 99 ಡಾಲರಿಗೆ ಬಂದ ಎಎಂಡಿಯ ರೈಜನ್ 3 2200ಜಿಯಂಥ, ಗ್ರಾಫಿಕ್ಸ್ ಅನ್ನು ಒಳಗೇ ಹೊಂದಿದ ಪ್ರೊಸೆಸರಿನಿಂದ ಪ್ರೋಗ್ರಾಮಿಂಗ್ ಮತ್ತು ಹಗುರ ಆಟಗಳನ್ನು ಆರಂಭಿಸಿ, ಹಣ ಕೂಡಿದ ಮೇಲೆ ಕಾರ್ಡನ್ನು ಸೇರಿಸಬಹುದಾಗಿತ್ತು. ಮದರ್‌ಬೋರ್ಡನ್ನು ಉಳಿಸಿಕೊಂಡು ಪ್ರೊಸೆಸರನ್ನಷ್ಟೇ ಬದಲಿಸುವ ದಾರಿಯೂ ಇತ್ತು: ಎಎಂಡಿ ಪ್ರೊಸೆಸರುಗಳು ಕೂರುವ, 2016ರಲ್ಲಿ ಬಂದ ಎಎಂ4 ಸಾಕೆಟ್ಟಿಗೆ 2024ರಲ್ಲೂ ಹೊಸ ಪ್ರೊಸೆಸರುಗಳು ಬಂದವು.

ಇಂದು ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಮೆಮೊರಿಯನ್ನು ಬೋರ್ಡಿಗೇ ಬೆಸೆಯಲಾಗುತ್ತಿದ್ದು, ಕೊಂಡ ದಿನದ ಸಾಮರ್ಥ್ಯವೇ ಅದರ ಕೊನೆಯ ದಿನದ ಸಾಮರ್ಥ್ಯವೂ ಆಗಿರುತ್ತದೆ. ಬೆಸುಗೆಯಿಂದ ವೇಗ ಮತ್ತು ವಿದ್ಯುತ್ತಿನ ಉಳಿತಾಯದ ಲಾಭವಿದೆಯೆಂಬುದು ನಿಜ. ಆದರೆ ಸ್ವಲ್ಪ ಹಣದಿಂದ ಆರಂಭಿಸಿ, ಕಲಿಯುತ್ತ, ವರ್ಷಗಳುದ್ದಕ್ಕೂ ಯಂತ್ರವನ್ನು ಬೆಳೆಸಿಕೊಳ್ಳುವ ಹಕ್ಕು ಅದರಲ್ಲಿ ಇಲ್ಲವಾಗುತ್ತದೆ. 1981ರ ಕೈಪಿಡಿ, ಫೀನಿಕ್ಸಿನ ಬಯಾಸ್, ಎಟಿಎಕ್ಸಿನ ಅಳತೆಗಳು ಇವೆಲ್ಲ ತಂತಮ್ಮ ಕಾಲದ ವ್ಯಾಪಾರದ ಲೆಕ್ಕಾಚಾರಗಳಿಂದ ಹುಟ್ಟಿದವಾದರೂ ಒಟ್ಟಾಗಿ ಒಂದು ಸಾರ್ವಜನಿಕ ಸಂಪತ್ತನ್ನು ನಿರ್ಮಿಸಿವೆ. ಮಿತ ಆದಾಯದ ಮನೆಯ ಹುಡುಗ ಹುಡುಗಿಯರಿಗೆ ಸಮರ್ಥ ಕಂಪ್ಯೂಟರ್ ದಕ್ಕಬೇಕೆಂಬ ಕಾಳಜಿಯುಳ್ಳವರು ಭಾಗಗಳ ಬೆಲೆಯನ್ನು ಗಮನಿಸಿದಷ್ಟೇ, ಆ ಭಾಗಗಳನ್ನು ಬಿಚ್ಚಿ ಕೂಡಿಸಲು ಆಗುವಂತೆ ಇಡುವ ನಿಯಮಗಳನ್ನೂ ಕಾಯ್ದುಕೊಳ್ಳಬೇಕಾಗಿದೆ.